ಮೇಲೆ ಹೇಳಿದ್ದನ್ನು ಬಿಟ್ಟು

ಅವಳಿಗೆ ಆಡಿಟಕ್ಕ ಅಂತ ಹೆಸರಿಟ್ಟವನು ಕೆಳಗಿನ ಬೇಕರಿಯವನು. ಬೇಕರಿಯ ಮೇಲಿನ ಮಹಡಿಯಲ್ಲಿ ವಯಸ್ಸಾದ ಆಡಿಟರೊಬ್ಬರ ಆಫೀಸು, ಅಲ್ಲಿ ಕೆಲಸ ಮಾಡುವ ಅಕ್ಕ, ಆದ್ದರಿಂದ ಆಡಿಟಕ್ಕ. ಹೆತ್ತವರು ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ತಣ್ಣಗೆ ಮಲಗಿತ್ತು. ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ. "ದಿನಾ ಒಂದು ಬನ್ನು ತಗೊಂಡಿದ್ದಕ್ಕೆ ಹೆಸರು ಬಿಟ್ಟಿ ಸಿಕ್ತು" ಅಂತ ನಗುತ್ತಿದ್ದಳು.

ಆ ಆಫೀಸಿಗೆ ಅವಳು ಸೇರಿದ್ದೇ ಒಂದು ತಮಾಷೆ. ಆಗಿನ್ನೂ ಕಾಲೇಜು ಮುಗಿಸಿದ ಹುಡುಗಿ. ಅಪ್ಪನ ಪೇಂಟು, ಪೈಪಿನ ಅಂಗಡಿಯ ಕಾಗದಪತ್ರಗಳ ಕಟ್ಟು ಕೊಟ್ಟು ಬರಲು ಹೋದವಳು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರೆ ಒಳಗೆ ಆಡಿಟರು ಪೆನ್ಸಿಲು ಹಿಡಿದು ಕೂತಿದ್ದಾರೆ, ಎದುರಿಗೆ ಅವರ ಗುಮಾಸ್ತ ಬಾಯಿ ಬಾಯಿ ಬಿಡುತ್ತಿದ್ದಾನೆ, ಧ್ವನಿಯೇ ಹೊರಡುತ್ತಿಲ್ಲ. ನೆಗಡಿ ಬಂದು ಪಾಪ ಅವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಆಡಿಟರು ಹುಡುಗಿಯನ್ನು ನೋಡಿದರು. "ಏನಮ್ಮಾ, ನಿಂಗೆ ಗಟ್ಟಿಯಾಗಿ ಓದಕ್ಕೆ ಬರುತ್ತಾ?" ಅಂದರು. ಬರುತ್ತೆ ಅಂದಳು. "ಹಾಗಾದ್ರೆ ಕೂತ್ಕೋ." ಅಷ್ಟೇ. ಅವಳ ಜೀವನದ ಮೊದಲ ಸಂದರ್ಶನ ಮುಗಿದಿತ್ತು.

ಈ ಕಸುಬಿನ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಳೇ ಕಾಲದ ಆಡಿಟ್ ಆಫೀಸುಗಳಲ್ಲಿ ಲೆಕ್ಕ ನೋಡುವುದು ಒಬ್ಬರ ಕೆಲಸ ಅಲ್ಲ, ಇಬ್ಬರದು. ಒಬ್ಬರು ಬಿಲ್ಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಹೋಗಬೇಕು, ಇನ್ನೊಬ್ಬರು ಪುಸ್ತಕದಲ್ಲಿ ಅದನ್ನು ಹುಡುಕಿ ಪಕ್ಕದಲ್ಲಿ ಟಿಕ್ ಹಾಕುತ್ತಾ ಹೋಗಬೇಕು. ನಮ್ಮ ಆಡಿಟಕ್ಕ ಹದಿನೈದು ವರ್ಷಕ್ಕೂ ಹೆಚ್ಚು ಓದಿದಳು, ಸಾರ್ ಟಿಕ್ ಹಾಕಿದರು. ಕೆಳಗೆ ಬ್ರೆಡ್ಡು ಬೇಯುವ ವಾಸನೆ, ಮೇಲೆ ಇವಳ ಧ್ವನಿ. ಬೇಕರಿಗೆ ಬಂದವರು ತಲೆಯೆತ್ತಿ ನೋಡಿ, "ಮೇಲೇನು ಪಾಠ ನಡೀತಿದೆಯಾ?" ಅಂತ ಕೇಳುತ್ತಿದ್ದರಂತೆ.

ಹೀಗೆ ಓದುತ್ತಾ ಓದುತ್ತಾ ಅಪ್ಪ ಹೋದರು, ಅಂಗಡಿ ಅಣ್ಣನ ಕೈಗೆ ಬಂತು. ಮದುವೆಯ ಮಾತು ಬಂದು, ಹೋಗಿ, ಬಂದು, ಹೋಗಿ, ಕೊನೆಗೆ ಬರುವುದೇ ನಿಂತಿತು. ಆಡಿಟರ ಪರೀಕ್ಷೆಯಲ್ಲಿ ಒಂದೇ ಒಂದು ಪೇಪರು ಉಳಿದುಕೊಂಡಿತು. ಅಮ್ಮ ಹಾಸಿಗೆ ಹಿಡಿದ ವರ್ಷ ಅದಕ್ಕೆ ಕೂರಲಾಗಲಿಲ್ಲ, ಆಮೇಲೆ ಕೂರುವ ಮನಸ್ಸಾಗಲಿಲ್ಲ. ಅಮ್ಮ ಹೋದ ಮೇಲೆ ಅಣ್ಣ ಅತ್ತಿಗೆಯ ಮನೆಯ ಹಿಂದಿನ ರೂಮೇ ಅವಳದಾಯಿತು.

ಒಂದು ದಿನ ಸಾರ್ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟರು. ಮಂಡಿ ಮೇಲೆ ಕೈಯಿಟ್ಟು ಮೇಲೆ ನೋಡಿದರು, ಕೆಳಗೆ ನೋಡಿದರು. "ಸಾಕಾಯ್ತು ಕಣಮ್ಮಾ. ಇನ್ನು ಈ ಮೆಟ್ಟಿಲಿಗೂ ನನಗೂ ಆಗಲ್ಲ" ಅಂದರು. ವರ್ಷದ ಲೆಕ್ಕಗಳು ಮುಗಿದ ಮೇಲೆ ಆಫೀಸು ಮುಚ್ಚುವುದು ಅಂತ ಅಲ್ಲೇ, ಆ ಮೆಟ್ಟಿಲ ಮೇಲೇ ತೀರ್ಮಾನವಾಯಿತು.

ಅಣ್ಣ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಸುದ್ದಿ ಕೇಳಿದ ದಿನವೇ ಹೇಳಿದ, "ಯಾಕೆ ತಲೆ ಕೆಡಿಸ್ಕೊಳ್ತೀಯ? ನಮ್ಮಂಗಡಿ ಇಲ್ವಾ? ಹಿಂದುಗಡೆ ನಿಂಗೆ ಅಂತಲೇ ಒಂದು ಮೇಜು ಹಾಕಿಸ್ತೀನಿ. ಲೆಕ್ಕ ನೋಡ್ಕೊಂಡು ಹಾಯಾಗಿರು." ಅತ್ತಿಗೆಯೂ ಖುಷಿಯಿಂದಲೇ ಅಂದಳು, "ಒಳ್ಳೇದಾಯ್ತು ಬಿಡು. ಮಕ್ಕಳು ಸ್ಕೂಲಿಂದ ಬರೋ ಹೊತ್ತಿಗೆ ಮನೇಲೂ ಒಬ್ಬರು ಇದ್ದ ಹಾಗಾಗುತ್ತೆ. ಅಡುಗೆಗೂ ಒಂದು ಕೈ ಆಗುತ್ತೆ."

ಅವಳು ತಲೆಯಾಡಿಸಿದಳು. ಆದರೆ ಒಳಗೊಳಗೇ ಕುಸಿದುಹೋದಳು. ಪೇಂಟ್ ಡಬ್ಬಿಗಳ ಹಿಂದೆ ಆ ಮೇಜು ಅವಳ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಅಲ್ಲಿ ಕೂತವರಿಗೆ ರಜೆ ಅಂತ ಇರಲ್ಲ, ಯಾಕಂದರೆ ಅದು ಕೆಲಸ ಅಂತಲೇ ಯಾರೂ ಅಂದುಕೊಳ್ಳಲ್ಲ. "ಹೇಗೂ ಇಲ್ಲೇ ಇದ್ದೀಯಲ್ಲ" ಅನ್ನುವ ಒಂದು ಮಾತಿನಲ್ಲಿ ಮುಂದಿನ ಇಪ್ಪತ್ತು ವರ್ಷ ಕಳೆದುಹೋಗುತ್ತೆ. ಬೆಳಿಗ್ಗೆ ಎದ್ದು, ಬ್ಯಾಗು ಹಾಕಿಕೊಂಡು, "ಬರ್ತೀನಿ" ಅಂತ ಹೇಳಿ ಹೊರಡುವುದಿದೆಯಲ್ಲ, ಅದೊಂದೇ ಅವಳ ಆಸ್ತಿ. ಅದೂ ಹೋದರೆ ತಾನು ಅಣ್ಣನ ಮನೆಯಲ್ಲಿ ಇರುವವಳಲ್ಲ, ಉಳಿದುಕೊಂಡವಳು ಅಂತ ಅವಳಿಗೆ ಅನ್ನಿಸಿತು.

ದಾರಿ ತೋರಿಸಿದವರೂ ಸಾರೇ. ಪೇಟೆಯ ದೊಡ್ಡ ರಸ್ತೆಯಲ್ಲಿ ಮೈತುಂಬ ಗಾಜು ಹೊದ್ದುಕೊಂಡ ಕಟ್ಟಡವೊಂದಿತ್ತು. ಅದರ ತುಂಬ ಒಂದೇ ಆಡಿಟ್ ಕಂಪನಿ. ಅಲ್ಲಿ ಹಿರಿಯ ಸಹಾಯಕರು ಬೇಕಾಗಿದ್ದಾರಂತೆ ಅಂತ ಸಾರ್ ಎಲ್ಲಿಂದಲೋ ತಿಳಿದುಕೊಂಡು ಬಂದು, "ಹೋಗು" ಅಂದರು.

"ಅಲ್ಲಿಗಾ? ಅಲ್ಲಿ ಲಿಫ್ಟು ಕೂಡ ಮಾತಾಡುತ್ತಂತೆ ಸಾರ್."

"ಆಡಿದ್ರೆ ಆಡ್ಲಿ. ನಿನ್ನಷ್ಟು ಆಡುತ್ತಾ?"

ಅರ್ಜಿ ಹೋಯಿತು, ಉತ್ತರ ಬಂತು. ಮೊದಲು ಬರವಣಿಗೆಯ ಪರೀಕ್ಷೆ, ಅದೇ ದಿನ ಮಧ್ಯಾಹ್ನ ಸಂದರ್ಶನ. ಹಿಂದೆ ಕೆಲಸ ಮಾಡಿದ ಕಡೆಯ ಯಜಮಾನರಿಗೆ ನಾವು ಫೋನು ಮಾಡಬಹುದು ಅಂತಲೂ ಅದರಲ್ಲಿತ್ತು. ಹಿಂದಿನ ದಿನ ಅವಳು ಸಾರ್ ಮನೆಗೆ ಹೋಗಿ ಸಂಕೋಚ ಬಿಟ್ಟು ಕೇಳಿದಳು, "ಸಾರ್, ನಾಳೆ ಫೋನು ಬಂದ್ರೂ ಬರಬಹುದು. ನನ್ನ ಬಗ್ಗೆ ಒಂದೆರಡು ಒಳ್ಳೆ ಮಾತು ಹೇಳಿ." ಸಾರ್ ಕನ್ನಡಕ ಒರೆಸುತ್ತಾ, "ನೋಡೋಣ" ಅಂದರು. ನೋಡೋಣ ಅನ್ನುವುದೇನು ಬಂತು ಇದರಲ್ಲಿ ಅಂತ ಅವಳಿಗೆ ಕಸಿವಿಸಿಯಾಯಿತು, ಆದರೆ ಸಾರ್ ಮಾತು ಯಾವತ್ತೂ ಅಷ್ಟೇ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಬೆಳಿಗ್ಗೆ ಅಣ್ಣ ಅಂಗಡಿಯ ವ್ಯಾನಿನಲ್ಲೇ ಕರೆದುಕೊಂಡು ಹೋಗಿ ಬಿಟ್ಟ. ಹಿಂದೆ ಪೈಪುಗಳು ಗಡಗಡ ಅನ್ನುತ್ತಿದ್ದವು, ಮುಂದೆ ಇವಳ ಎದೆ. ಇಳಿಯುವಾಗ ಅಣ್ಣ ಪ್ರೀತಿಯಿಂದ ಹೇಳಿದ, "ಸಿಗದಿದ್ರೂ ಚಿಂತೆ ಮಾಡ್ಬೇಡ. ಬಡಗಿ ಮೇಜು ತಂದಿಟ್ಟು ಹೋಗಿದ್ದಾನೆ." ಆ ಮಾತು ಅವಳು ಸಂದರ್ಶನಕ್ಕೆ ಅಂತ ಹಾಕಿಕೊಂಡಿದ್ದ ಹೊಸ ಶೂಗಿಂತ ಹೆಚ್ಚು ಕಚ್ಚಿತು.

ಒಳಗೆ ಹೋದರೆ ನೆಲ ಎಷ್ಟು ನುಣುಪು ಅಂದರೆ ಅವಳು ಗೋಡೆ ಹಿಡಿದುಕೊಂಡೇ ನಡೆದಳು. ಲಿಫ್ಟು ನಿಜವಾಗಿಯೂ ಮಾತಾಡಿತು. ಪರೀಕ್ಷೆಯ ಹಾಲಿನಲ್ಲಿ ಸಾಲುಸಾಲಾಗಿ ಹುಡುಗ ಹುಡುಗಿಯರು, ಎಲ್ಲರೂ ಅವಳಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಪೇಪರು ಈಗಲೇ ಕೊಡ್ತೀರಾ?" ಅಂತ ಇವಳನ್ನೇ ಕೇಳಿದಳು. "ಇಲ್ಲಮ್ಮಾ, ನಾನೂ ಬರೆಯೋಳೇ" ಅಂತ ಹೇಳಿ ಪಕ್ಕದಲ್ಲಿ ಕೂತಳು.

ಪರೀಕ್ಷೆ ಅವಳ ಕಸುಬಿನದೇ. ಒಂದು ಕಟ್ಟು ಬಿಲ್ಲುಗಳು, ಒಂದು ಲೆಕ್ಕದ ಪಟ್ಟಿ. ಯಾವುದು ತಾಳೆಯಾಗುತ್ತೆ, ಯಾವುದು ಆಗಲ್ಲ, ಗುರುತು ಹಾಕಬೇಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡಿ ಮುಗಿಸಬಹುದು ಅಂದುಕೊಂಡಳು. ಮೊದಲ ಬಿಲ್ಲು ಕೈಗೆತ್ತಿಕೊಂಡಳು. ನೋಡಿದಳು. ಏನೂ ತಲೆಗೆ ಹೋಗಲಿಲ್ಲ. ಮತ್ತೆ ನೋಡಿದಳು. ಅಂಕಿಗಳು ಕಾಣುತ್ತಿವೆ, ಒಳಗೆ ಇಳಿಯುತ್ತಿಲ್ಲ. ಇಷ್ಟು ವರ್ಷ ಕಣ್ಣೂ ಬಾಯಿಯೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೇ ಎಳೆದಿದ್ದವು, ಒಂದನ್ನು ಬಿಚ್ಚಿದರೆ ಇನ್ನೊಂದು ಹೆಜ್ಜೆ ಎತ್ತಲೊಲ್ಲದು. ಆಮೇಲೆ ಏನಾಯಿತೋ ಅವಳಿಗೇ ಗೊತ್ತಿಲ್ಲ, ಬಾಯಿ ತಾನಾಗಿ ತೆರೆಯಿತು.

"ಬಿಲ್ಲು ನೂರಾ ಹನ್ನೆರಡು! ಕುರ್ಚಿ ರಿಪೇರಿ! ತಾರೀಕು ನಾಲ್ಕು!"

ಹಾಲಿಗೆ ಹಾಲೇ ತಿರುಗಿ ನೋಡಿತು. ಅಷ್ಟಾದರೂ ಪರವಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಭೂಪ ಇವಳ ಧ್ವನಿಗೆ ತಕ್ಕ ಹಾಗೆ ತನ್ನ ಹಾಳೆಯಲ್ಲಿ ಟಿಕ್ ಹಾಕಲು ಶುರು ಮಾಡಿಬಿಟ್ಟಿದ್ದ! "ನೆಕ್ಸ್ಟ್?" ಅಂತ ಬೇರೆ ಅಂದ. ನಗು ಬುಗ್ಗೆಂದಿತು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು ಆಡಿಟಕ್ಕನಿಗೆ. ಮೇಲ್ವಿಚಾರಣೆಗೆ ನಿಂತಿದ್ದ ದಪ್ಪಗಿನ ಮನುಷ್ಯ ದಡದಡ ನಡೆದುಬಂದ. ಮುಗಿಯಿತು, ಎಬ್ಬಿಸಿ ಕಳಿಸುತ್ತಾನೆ, ಬಡಗಿ ಮಾಡಿದ ಮೇಜೇ ಗತಿ ಅಂತ ಅವಳು ಬ್ಯಾಗಿಗೆ ಕೈ ಹಾಕಿದಳು.

ಆತ ಬಗ್ಗಿ ಮೆಲ್ಲಗೆ ಕೇಳಿದ, "ಹಳೇ ಆಫೀಸಾ ಅಕ್ಕಾ? ಓದಿ ಟಿಕ್ ಹಾಕೋದಾ?"

"ಹೌದಪ್ಪ. ಬಾಯಿ ಮುಚ್ಚಿದ್ರೆ ನಂಗೆ ಕಣ್ಣೂ ಮುಚ್ಚುತ್ತೆ."

"ನಮ್ಮಪ್ಪನೂ ಹಾಗೇ. ಬನ್ನಿ ಈ ಕಡೆ." ಆತ ಅವಳ ಹಾಳೆಗಳನ್ನೆಲ್ಲ ಎತ್ತಿಕೊಂಡು, ಪಕ್ಕದ ಟೀ ಮಾಡುವ ಪುಟ್ಟ ಕೋಣೆಗೆ ಕರೆದುಕೊಂಡು ಹೋಗಿ, ಕಪ್ಪುಗಳನ್ನು ಸರಿಸಿ ಜಾಗ ಮಾಡಿಕೊಟ್ಟ. "ಇಲ್ಲಿ ಎಷ್ಟು ಬೇಕಾದ್ರೂ ಕೂಗಿ. ಟೈಮು ಮಾತ್ರ ಎಲ್ಲರಿಗೂ ಒಂದೇ" ಅಂದು ಬಾಗಿಲು ಎಳೆದುಕೊಂಡ. ಹೋದ ಜೀವ ಬಂದ ಹಾಗಾಯಿತು. ಸಕ್ಕರೆ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಅದಕ್ಕೇ ಓದಿ ಹೇಳುತ್ತಾ ಟಿಕ್ ಹಾಕಿದಳು. ಹೊತ್ತು ಕಳೆದುಹೋಗಿದ್ದರಿಂದ ಕೊನೆಯ ಹಾಳೆ ಉಳಿದೇಹೋಯಿತು. ಆದರೂ ಆ ದಪ್ಪಗಿನವನನ್ನು ಅವಳು ಇವತ್ತಿಗೂ ನೆನೆಯುತ್ತಾಳೆ. "ನಗೋದು ಸುಲಭ. ಒಂದು ಬಾಗಿಲು ತೆಗೆದುಕೊಡೋಕೆ ಮನಸ್ಸು ಬೇಕು" ಅನ್ನುತ್ತಾಳೆ.

ಮಧ್ಯಾಹ್ನ ಸಂದರ್ಶನ. ಒಳಗೆ ಇಬ್ಬರು. ಒಬ್ಬ ಟೈ ಕಟ್ಟಿದ ಯುವಕ, ನೇಮಕಾತಿ ವಿಭಾಗದವನು, ಮುಖದ ತುಂಬ ನಗು. ಇನ್ನೊಬ್ಬರು ಕಂಪನಿಯ ಪಾಲುದಾರರಲ್ಲಿ ಒಬ್ಬರಾದ ದೊಡ್ಡ ಮೇಡಂ. ಬೆಳ್ಳಗಾದ ಗಿಡ್ಡ ಕೂದಲು, ಏಸಿ ಚಳಿಗೆ ಸ್ವೆಟರು, ಮುಂದೆ ಬಿಸಿನೀರಿನ ಲೋಟ. ಆಕೆ ಮಾತಾಡಲಿಲ್ಲ, ನೋಡಿದರು. ಆ ನೋಟ ಆಡಿಟಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮೊಸರಲ್ಲಿ ಕಲ್ಲು ಹುಡುಕಿ ಹುಡುಕಿ ಪಳಗಿದ ನೋಟ ಅದು.

ಟೈ ಕಟ್ಟಿದವನು ಶುರು ಮಾಡಿದ. "ಇನ್ನು ಐದು ವರ್ಷದಲ್ಲಿ ನೀವು ಎಲ್ಲಿರಬೇಕು ಅಂತ ಅಂದ್ಕೊಂಡಿದ್ದೀರಿ?"

"ಇಲ್ಲೇ. ಕನ್ನಡಕ ಮಾತ್ರ ಬದಲಾಗಿರುತ್ತೆ."

ಆತ ಏನನ್ನೋ ಬರೆದುಕೊಂಡ. "ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?"

"ಯಾವ ವರ್ಷದ್ದು ಸಾರ್?"

ಅವಳು ತಮಾಷೆ ಮಾಡಲಿಲ್ಲ. ಲೆಕ್ಕದವರಿಗೆ ಅವಧಿ ಹೇಳದೆ ಏನನ್ನಾದರೂ ಕೇಳಿದರೆ ಬಾಯಿಗೆ ಬರುವ ಮೊದಲ ಪ್ರಶ್ನೆಯೇ ಅದು. ಟೈ ಕಟ್ಟಿದವನು ಕಣ್ಣು ಪಿಳಿಪಿಳಿ ಬಿಟ್ಟ. ದೊಡ್ಡ ಮೇಡಂ ಲೋಟ ಎತ್ತಿ ನೀರು ಕುಡಿದರು, ಲೋಟದ ಹಿಂದೆ ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಮೊದಲ ಸಲ ಬಾಯಿ ತೆರೆದರು.

"ನೋಡಿ, ನನ್ನದೊಂದು ಪದ್ಧತಿ ಇದೆ. ಬೆನ್ನ ಹಿಂದೆ ವಿಚಾರಿಸೋದು ನನಗೆ ಆಗಲ್ಲ. ನಿಮ್ಮ ಹಳೇ ಯಜಮಾನರಿಗೆ ನಿಮ್ಮೆದುರಿಗೇ ಫೋನ್ ಮಾಡ್ತೀನಿ, ಸ್ಪೀಕರಲ್ಲಿ. ನೀವು ಕೂತಿದ್ದೀರಿ ಅಂತ ಅವರಿಗೂ ಹೇಳ್ತೀನಿ. ಆಗಬಹುದಾ?"

ಆಗಬಹುದು ಅಂದಳು. ಸದ್ಯ, ಇನ್ನು ಗೆದ್ದೆ ಅಂದುಕೊಂಡಳು. ಸಾರ್ ಒಳ್ಳೆ ಮಾತು ಹೇಳದೆ ಇರುತ್ತಾರೆಯೇ?

ಒಂದೇ ರಿಂಗಿಗೆ ಸಾರ್ ಫೋನು ಎತ್ತಿದರು. ಮೇಡಂ ತಮ್ಮ ಪರಿಚಯ ಹೇಳಿ, ಇವಳು ಎದುರಿಗೇ ಇದ್ದಾಳೆ ಅಂತಲೂ ಹೇಳಿ, "ಇವರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು" ಅಂದರು. ಆ ಕಡೆ ಗಂಟಲು ಸರಿ ಮಾಡಿಕೊಂಡ ಸದ್ದು. ಆಮೇಲೆ ಸಾರ್, ಒಣಗಿದ ಧ್ವನಿಯಲ್ಲಿ, ವರದಿ ಒಪ್ಪಿಸುವ ಹಾಗೆ ಶುರು ಮಾಡಿದರು.

"ಮೊದಲನೇದು. ಸೇರಿದ ವರ್ಷ ಹಾಸಿಗೆ ಕಾರ್ಖಾನೆಗೆ ದಾಸ್ತಾನು ಎಣಿಸೋಕೆ ಕಳಿಸಿದ್ದೆ. ದಾಸ್ತಾನಿನ ಮೇಲೇ ಮಲಗಿ ನಿದ್ದೆ ಹೊಡೆದಳು. ಮಾಲೀಕರೇ ಬಂದು ಎಬ್ಬಿಸಬೇಕಾಯ್ತು."

ಆಡಿಟಕ್ಕ ಬೆಚ್ಚಿಬಿದ್ದಳು.

"ಎರಡನೇದು. ಒಬ್ಬ ಕಕ್ಷಿದಾರರು ಬಾತ್‌ರೂಮಿಗೆ ಹೋಗಿದ್ದಾಗ ನೋಡದೆ ಆಫೀಸಿಗೆ ಬೀಗ ಹಾಕ್ಕೊಂಡು ಊಟಕ್ಕೆ ಹೋದಳು. ಅವರು ಕಿಟಕಿಯಿಂದ ಬೇಕರಿಯವನನ್ನ ಕೂಗಿ ಕರೆದರು. ಮುಂದಿನ ವರ್ಷದಿಂದ ಅವರು ಬೇರೆ ಆಡಿಟರ ಹತ್ತಿರ ಹೋದರು."

ಟೈ ಕಟ್ಟಿದವನು ಬರೆಯುವುದನ್ನು ನಿಲ್ಲಿಸಿದ. ಅಯ್ಯೋ ಸಾರ್, ನಾನು ನಿಮಗೇನು ಅನ್ಯಾಯ ಮಾಡಿದ್ದೆ! ಅವಳ ಕಿವಿ ಕಾದ ಕಾವಲಿಯ ಹಾಗೆ ಬಿಸಿಯಾಯಿತು.

"ಮೂರನೇದು. ಐಸ್ ಕಾರ್ಖಾನೆ ಮಾಲೀಕರ ಮುಖಕ್ಕೇ 'ನೀವು ಸುಳ್ಳು ಹೇಳ್ತಿದ್ದೀರಿ' ಅಂದಳು. ಸುಳ್ಳು ಹೇಳಿದ್ದು ನಿಜ. ಆದರೆ ಅದನ್ನ ಹೇಳೋ ರೀತಿ ಅದಲ್ಲ. ನಾಲ್ಕನೇದು, ಒಂದು ಪೇಪರು ಉಳಿಸ್ಕೊಂಡಿದ್ದಾಳೆ. ತಾಯಿಗೆ ಹುಷಾರಿರಲಿಲ್ಲ. ಅದು ಕಾರಣ, ನೆಪ ಅಲ್ಲ. ಆದರೂ ಆಮೇಲೆ ಕೂರಬಹುದಿತ್ತು, ಕೂರಲಿಲ್ಲ. ಐದನೇದು, ಮನಸ್ಸಿನಲ್ಲೇ ಓದೋಕೆ ಬರಲ್ಲ. ಕೂಗ್ತಾಳೆ. ಅದು ನಾನು ಅಂಟಿಸಿದ ರೋಗ." ಸಾರ್ ಸ್ವಲ್ಪ ತಡೆದರು. "ವಾದ ಮಾಡ್ತಾಳೆ. ತನ್ನದೇ ಸರಿ ಅಂತ ಸಾಧಿಸ್ತಾಳೆ. ಸರಿಯೇ ಇರುತ್ತೆ, ಆದರೂ ಸಾಧಿಸ್ತಾಳೆ."

"ಇನ್ನೇನಾದರೂ ಇದೆಯಾ?" ಮೇಡಂ ಕೇಳಿದರು.

ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ಮೇಲೆ ಹೇಳಿದ್ದನ್ನು ಬಿಟ್ಟು ಬೇರೇನೂ ನನ್ನ ಗಮನಕ್ಕೆ ಬಂದಿಲ್ಲ." ಅಷ್ಟು ಹೇಳಿದವರೇ ಸಾರ್ ಫೋನು ಇಟ್ಟುಬಿಟ್ಟರು. ನಮಸ್ಕಾರ ಇಲ್ಲ, ಬರ್ತೀನಿ ಇಲ್ಲ, ಟಪ್ ಅಂತ ಕಡಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ತಟ್ಟಿ ಬೀಳಿಸಿದವರು ಅವಳು ದೇವರ ಹಾಗೆ ನಂಬಿದ ಮನುಷ್ಯ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೆರಡು ಒಳ್ಳೆ ಮಾತು ಕೇಳಿದ್ದೆ, ಅಷ್ಟೇ ಅಲ್ಲವೇ! ಟೈ ಕಟ್ಟಿದವನು ಕನಿಕರದ ಮುಖ ಮಾಡಿಕೊಂಡು, "ನಾವು ನಿಮಗೆ ತಿಳಿಸ್ತೀವಿ..." ಅಂತ ರಾಗ ಎಳೆದ. ಅವಳು ಎದ್ದು ನಿಂತಳು.

"ಕೂತ್ಕೊಳ್ಳಿ" ಅಂದರು ದೊಡ್ಡ ಮೇಡಂ. ಆಮೇಲೆ ಟೈ ಕಟ್ಟಿದವನ ಕಡೆ ತಿರುಗಿದರು. "ನೀವು ಲೆಕ್ಕದವರಲ್ಲ, ನಿಮಗೆ ಗೊತ್ತಾಗಲಿಕ್ಕಿಲ್ಲ. ಒಂದು ಕಂಪನಿಯ ಲೆಕ್ಕ ಪೂರ್ತಿ ನೋಡಿ ನಾವು ವರದಿ ಬರೀತೀವಲ್ಲ, ಸರಿ ಇರೋದನ್ನೆಲ್ಲ ಅದರಲ್ಲಿ ಒಂದೊಂದಾಗಿ ಹೊಗಳ್ತೀವಾ? ತಪ್ಪು ಏನೇನಿದೆಯೋ ಅಷ್ಟನ್ನೇ ಹೇಳಿ, ಇದನ್ನ ಬಿಟ್ಟು ಉಳಿದದ್ದು ಸರಿ ಅಂತ ಸಹಿ ಹಾಕ್ತೀವಿ. ಆ ಸಹಿಗೆ ನಮ್ಮ ಮಾನ ಪಣ. ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಫೋನ್ ಮಾಡಿದೆ, ಎಲ್ಲರೂ ತಮ್ಮವರನ್ನ ಹೊಗಳಿ ಹೊನ್ನಶೂಲಕ್ಕೆ ಏರಿಸಿದರು. ಬಂಗಾರವಂತೆ, ವಜ್ರವಂತೆ. ಈ ಮನುಷ್ಯ ಇಷ್ಟು ವರ್ಷ ಎದುರಿಗೆ ಕೂರಿಸ್ಕೊಂಡು ಹುಡುಕಿ ಹುಡುಕಿ ತೆಗೆದದ್ದು ಏನು? ಒಂದು ನಿದ್ದೆ, ಒಂದು ಬೀಗ, ಒಂದು ಜಗಳ."

ಆಕೆ ಇವಳ ಕಡೆ ತಿರುಗಿದರು. "ನನ್ನ ಬಗ್ಗೆ ಇಂಥ ವರದಿ ಕೊಡೋರು ಯಾರೂ ಇಲ್ಲಮ್ಮ. ಸೋಮವಾರ ಬನ್ನಿ. ಆ ಉಳಿದ ಪೇಪರಿಗೆ ಕೂರಬೇಕು, ಅದು ನನ್ನ ಷರತ್ತು. ಮತ್ತೆ ಓದೋದನ್ನ ಸ್ವಲ್ಪ ಮೆತ್ತಗೆ ಓದಿ."

ಆಡಿಟಕ್ಕ ಬ್ಯಾಗು ಎತ್ತಿಕೊಂಡಳು. ತಲೆಯಾಡಿಸಿದಳು, ಮತ್ತೆ ಆಡಿಸಿದಳು, ಬಾಗಿಲ ಹತ್ತಿರ ಹೋಗಿ ಇನ್ನೊಂದು ಸಲ ಆಡಿಸಿದಳು. ಕೆಳಗೆ ಬಂದು ಅಣ್ಣನಿಗೆ ಫೋನು ಮಾಡಿ ಸುದ್ದಿ ಹೇಳಿದರೆ ಅವನು ಮೊದಲು ಕೇಳಿದ್ದು, "ಹಾಗಾದ್ರೆ ಆ ಮೇಜು ಏನು ಮಾಡ್ಲಿ?"

"ಅದರ ಮೇಲೆ ಪೇಂಟ್ ಡಬ್ಬಿ ಜೋಡಿಸು ಅಣ್ಣ."

ಅವನು ಜೋರಾಗಿ ನಕ್ಕ. ಆಮೇಲೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೆ, "ನನ್ನ ತಂಗಿಗೆ ಗಾಜಿನ ಕಟ್ಟಡದಲ್ಲಿ ಕೆಲಸ ಆಯ್ತು" ಅಂತ ಕೂಗಿ ಹೇಳಿದ್ದು ಇವಳಿಗೂ ಕೇಳಿಸಿತು. ಅವನನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು.

ಅಲ್ಲಿಂದ ಬಸ್ಸು ಹತ್ತಿ ನೆಟ್ಟಗೆ ಸಾರ್ ಮನೆಗೆ ಹೊರಟಳು. ಬಸ್ಸಿನಲ್ಲಿ ಕೂತು ಜಗಳಕ್ಕೆ ಮಾತು ಜೋಡಿಸಿದಳು. ಕೆಲಸ ಸಿಕ್ಕಿತು, ಸರಿ. ಸಿಕ್ಕಿದ್ದು ಆ ಮೇಡಂ ಪುಣ್ಯದಿಂದ. ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ? ಹಾಸಿಗೆ ಕಾರ್ಖಾನೆಯ ವಿಷಯ ಈಗ ಯಾಕೆ ಬೇಕಿತ್ತು? ಒಂದೇ ಒಂದು ಒಳ್ಳೆ ಮಾತು ನಿಮ್ಮ ಬಾಯಿಂದ ಬೀಳಲಿಲ್ಲವಲ್ಲ ಸಾರ್, ನಾನು ಅಷ್ಟೊಂದು ಬೇಡವಾದವಳಾ? ಕೊನೆಯ ಮಾತು ನೆನೆಸಿಕೊಳ್ಳುವಾಗಲೇ ಮೂಗು ಒದ್ದೆಯಾಯಿತು.

ಬಾಗಿಲು ತೆಗೆದವರು ಸಾರ್ ಹೆಂಡತಿ, ಅವಳು ಅಮ್ಮ ಅಂತ ಕರೆಯುವವರು. ಮುಖ ನೋಡಿದ ತಕ್ಷಣ ಅವರೇ ಕೇಳಿದರು, "ಸಿಕ್ತಾ?"

"ಸಿಕ್ತು ಅಮ್ಮ. ಸಾರ್ ಎಲ್ಲಿ? ಅವರ ಹತ್ರ ನಂಗೆ ಜಗಳ ಇದೆ. ಫೋನಲ್ಲಿ ನನ್ನ ಮಾನ ಹರಾಜು ಹಾಕಿಬಿಟ್ರು. ಬರೀ ತಪ್ಪು! ಮೊದಲಿಂದ ಕೊನೆತನಕ ಬರೀ ತಪ್ಪು!"

ಅಮ್ಮ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಧ್ವನಿ ತಗ್ಗಿಸಿದರು.

"ಮೆತ್ತಗೆ ಮಾತಾಡು. ಈಗ ತಾನೇ ಮಲಗಿದ್ದಾರೆ. ಬೆಳಿಗ್ಗೆ ಎದ್ದೋರೇ ಇಸ್ತ್ರಿ ಅಂಗಿ ಹಾಕ್ಕೊಂಡು ಫೋನ್ ಮುಂದೆ ಕೂತರು. ತಿಂಡಿ ಬೇಡ ಅಂದ್ರು, ಊಟ ಬೇಡ ಅಂದ್ರು. ನೀನೇ ಆ ಕಂಪನಿಯೋಳು ಅಂತ ಅಂದ್ಕೋ, ನನ್ನ ಕೇಳು, ಒಂದು ಸಲ ಹೇಳಿ ನೋಡ್ತೀನಿ ಅಂದ್ರು. ಸರಿ, ನಾನೂ ಎದುರಿಗೆ ಕೂತು, 'ಆ ಹುಡುಗಿ ಹೇಗೆ ಸಾರ್?' ಅಂತ ಕೇಳಿದೆ. 'ಅವಳಂಥ ಹುಡುಗಿ' ಅಂತ ಶುರು ಮಾಡಿದ್ರು ನೋಡು, ಮುಂದಕ್ಕೆ ಹೋಗಲೇ ಇಲ್ಲ. ಅತ್ತುಬಿಟ್ರು. ಸ್ವಲ್ಪ ನೀರು ಕುಡಿದು ಇನ್ನೊಂದು ಸಲ ಕೇಳು ಅಂದ್ರು. ಕೇಳಿದೆ. ಮತ್ತೆ ಅದೇ ಕಥೆ. ಮದುವೆಯಾದಾಗಿಂದ ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ ಕಣೇ. ಈಗ ಫೋನು ಬಂದುಬಿಟ್ಟರೆ ಏನು ಗತಿ ಅಂತ ಗಾಬರಿಯಾದ್ರು. ಕೊನೆಗೆ ನಾನೇ ಹೇಳ್ದೆ, ಒಳ್ಳೇದು ಹೇಳೋ ಗೋಜಿಗೇ ಹೋಗ್ಬೇಡಿ, ಅವಳ ತಪ್ಪುಗಳನ್ನ ಹೇಳಿ, ಅದಾದ್ರೆ ನಿಮ್ಮ ಗಂಟಲು ಕಟ್ಟಲ್ಲ ಅಂತ."

ಆಡಿಟಕ್ಕ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಆದ್ರೂ ಕೊನೇಲಿ ಆ ಮೇಡಂ ಇನ್ನೇನಾದ್ರೂ ಇದೆಯಾ ಅಂದ್ರಂತಲ್ಲ" ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಆಗ ತಡೆಯೋಕಾಗಲಿಲ್ಲ. ಅದಕ್ಕೇ ಫೋನ್ ಇಟ್ಟುಬಿಟ್ರು. ಆಮೇಲೆ ಶುರುವಾಯ್ತು ನೋಡು, ಮರ್ಯಾದೆ ಇಲ್ಲದೆ ಕಡಿದುಬಿಟ್ಟೆ, ಅವಳ ಕೆಲಸ ನನ್ನಿಂದಲೇ ಹೋಯ್ತು ಅಂತ."

ಅಷ್ಟರಲ್ಲಿ ಒಳಗಿನಿಂದ ಮಂಚ ಕಿರುಗುಟ್ಟಿತು. ಸಾರ್ ಬಾಗಿಲಲ್ಲಿ ಬಂದು ನಿಂತರು. ಇಸ್ತ್ರಿ ಅಂಗಿ ಬೆನ್ನ ಹತ್ತಿರ ಮುದುಡಿತ್ತು. "ಏನಂದ್ರು?" ಅಂತ ಕೇಳಿದರು. ಕೇಳುವಾಗ ಅವಳನ್ನು ನೋಡಲಿಲ್ಲ, ಒಲೆ ನೋಡಿದರು.

"ಸೋಮವಾರ ಬಾ ಅಂದ್ರು ಸಾರ್."

ಸಾರ್ "ಹೂಂ" ಅಂದರು. ಇನ್ನೇನೋ ಹೇಳಲು ಬಾಯಿ ತೆರೆದರು, ತುಟಿ ಅದುರಿತು.

"ಬೇಡ ಸಾರ್" ಅಂದಳು ಅವಳು. "ಏನೂ ಹೇಳ್ಬೇಡಿ. ನಂಗೆ ಎಲ್ಲಾ ಗೊತ್ತಾಯ್ತು. ನೀವು ಕೊಟ್ಟಷ್ಟು ನಂಗೆ ಯಾರೂ ಕೊಟ್ಟಿಲ್ಲ."

ಅವಳು ಅವರ ಎರಡೂ ಕೈ ಹಿಡಿದುಕೊಂಡಳು. ಅವರು ಅಡುಗೆಮನೆಯ ಕುರ್ಚಿ ಎಳೆದು ಕೂತರು, ಅವಳು ಎದುರಿಗೆ ಕೂತಳು, ಇಬ್ಬರೂ ಬಾಯಿ ಬಿಡದೆ ಅತ್ತರು. ಅಮ್ಮ ಬೆಳಿಗ್ಗೆ ಮಾಡಿದ್ದ ಅಡುಗೆಯನ್ನು ಬಿಸಿ ಮಾಡಿ, ಇಬ್ಬರಿಗೂ ತಟ್ಟೆ ಹಾಕಿ, "ಅಳೋದು ಆಮೇಲೆ, ಮೊದಲು ಉಣ್ಣಿ" ಅಂದರು.